ಮಾದಪ್ಪ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲೇ ತಡೆದ

ಭಕ್ತ ಬಂಧುಗಳೇ, ನಾನು ಗುಂಡ್ಲುಪೇಟೆ ತಾಲ್ಲೂಕು ಭೀಮನಬೀಡಿನವಳು, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ನಮ್ಮ ಬೆಟ್ಟದ ದೇವರು ಮಾದಪ್ಪನ ವಿಷಯದಲ್ಲಿ ಸುಳ್ಳು ಬರೆಯಲಾರೆ.

ಚಿಕ್ಕಂದಿನಿಂದ ನನಗೆ ಉಬ್ಬಸ. ಮೂರು ವರ್ಷದ ಹಿಂದೆ ಕೆಮ್ಮು ಹತ್ತಿತು, ಜ್ವರ ಬಂತು, ಮೈ ಇಳಿಯಿತು. ಪೇಟೆಯ ಡಾಕ್ಟರೊಬ್ಬರು ಎಕ್ಸ್‌ರೇ ನೋಡಿ ಟಿಬಿ ಅಂದರು. ಕಫದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ ಆರು ತಿಂಗಳು ಮಾತ್ರೆ ನುಂಗಿಸಿದರು. ಗುಣವಾಗದಿದ್ದಾಗ, ಸರಿಯಾಗಿ ನುಂಗಿಲ್ಲವೆಂದು ನನ್ನನ್ನೇ ಬೈದು ಮತ್ತೆ ಅದನ್ನೇ ಶುರು ಮಾಡಿದರು. ನಾನು ಒಂದು ದಿನವೂ ತಪ್ಪಿಸಿರಲಿಲ್ಲ.

ಶಾಲೆಯವರು ಅಡುಗೆಮನೆಗೆ ಬರಬೇಡ ಅಂದರು. ಅತ್ತೆ ನನ್ನ ತಟ್ಟೆ ಲೋಟ ಹೊರಗಿಟ್ಟರು. ಗಂಡ ಐದು ವರ್ಷದ ಮಗಳನ್ನು ಮದ್ದೂರಿಗೆ, ನಾದಿನಿ ಮನೆಗೆ ಬಿಟ್ಟು ಬಂದರು. ಒಂದು ಭಾನುವಾರ ಮಗು ಫೋನಿನಲ್ಲಿ, "ಅವ್ವ, ನಿನ್ ಕೆಮ್ಮು ಯಾವಾಗ ಓಯ್ತದ?" ಅಂತ ಕೇಳಿತು. ಅಳು ಬರಲಿಲ್ಲ, ರೋಷ ಬಂತು. ಅಮಾವಾಸ್ಯೆ ಅಮಾವಾಸ್ಯೆಗೂ ಉಪವಾಸ ಇದ್ದವಳು ನಾನು. ಮಾದಪ್ಪನನ್ನೇ ಎದುರು ನಿಂತು ಕೇಳುತ್ತೇನೆಂದು ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿದೆ.

ಚಾಮರಾಜನಗರದಲ್ಲಿ ಮಾದಪ್ಪನ ಬೆಟ್ಟದ ಬಸ್ಸಿಗೆ ಕಾಯುವಾಗ ಕೆಮ್ಮು ಒತ್ತರಿಸಿತು. ಬೆಂಚಿನಲ್ಲಿದ್ದವರೆಲ್ಲ ಎದ್ದು ದೂರ ಹೋದರು. ಒಬ್ಬ ವಯಸ್ಸಾದ ಹೆಂಗಸು ಮಾತ್ರ ಹತ್ತಿರ ಸರಿದು ಬೆನ್ನು ಸವರಿದರು. ಚಂದಕವಾಡಿಯವರು, ಎದೆರೋಗದ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಅವರೂ ಬೆಟ್ಟಕ್ಕೇ ಹೊರಟಿದ್ದರು. ನನ್ನ ಕರ್ಚೀಫಿನಲ್ಲಿ ಬಿದ್ದಿದ್ದ ಕಂದು ಬಣ್ಣದ ಗಟ್ಟಿ ಕಫದ ಚೂರು ನೋಡಿ, ಇದನ್ನು ಡಾಕ್ಟರಿಗೆ ತೋರಿಸಿದ್ದೆಯಾ ಎಂದು ಕೇಳಿದರು. ತೋರಿಸಲು ಹೋದಾಗ ಪೇಟೆಯ ಡಾಕ್ಟರು ಮುಖ ತಿರುಗಿಸಿದ್ದರೆಂದು ಹೇಳಿದೆ.

"ಉಬ್ಬಸ ಇರೋರ್ಗೆ ಇಂಗ್ ಬಿದ್ರೆ ಬೂಷ್ಟಿನ ಅಲರ್ಜಿನೂ ಇರ್ಬೋದು ಕಣವ್ವ. ಬೆಟ್ಟ ಎಲ್ಲೂ ಓಗಲ್ಲ, ಮೊದ್ಲು ಆಸ್ಪತ್ರೆಗೆ ಓಗನ ನಡಿ" ಅಂದರು.

ಬಸ್ಸು ಬಂತು, ಹೋಯಿತು. ಅವರೂ ಹತ್ತಲಿಲ್ಲ.

ಆಸ್ಪತ್ರೆಯಲ್ಲಿ ಎದೆರೋಗದ ಡಾಕ್ಟರು ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸಿದರು. ಎಲ್ಲರ ಉಸಿರಿನಲ್ಲೂ ಹೋಗುವ ಬೂಷ್ಟಿನ ಕಣ ನನ್ನ ಎದೆಗೆ ಆಗಿಬರದೆ, ಉಸಿರಿನ ಕೊಳವೆಗಳು ಊದಿ ಊದಿ ಹಿಗ್ಗಿಹೋಗಿದ್ದವು. ಅದು ಟಿಬಿಯೂ ಅಲ್ಲ, ಅಂಟುವ ಕಾಯಿಲೆಯೇ ಅಲ್ಲವಂತೆ. ಬೇಗ ಗೊತ್ತಾಗಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲ, ಹಿಗ್ಗಿದ್ದು ಇನ್ನು ಮೊದಲಿನಂತಾಗದು ಅಂದರು. ಟಿಬಿ ಮಾತ್ರೆ ನಿಲ್ಲಿಸಿ, ಸ್ಟೀರಾಯ್ಡ್ ಮಾತ್ರೆಯನ್ನೂ ಬೂಷ್ಟು ತಡೆಯುವ ಮಾತ್ರೆಯನ್ನೂ ಬರೆದುಕೊಟ್ಟರು. ತಿಂಗಳೊಳಗೆ ಜ್ವರ ಬಿಟ್ಟಿತು, ಉಸಿರು ಹಗುರಾಯಿತು.

ವರದಿಯನ್ನು ಒಯ್ದು ಪೇಟೆಯ ಡಾಕ್ಟರ ಮೇಜಿನ ಮೇಲೆ ಇಟ್ಟೆ. ಈಗ ಚೆನ್ನಾಗಿದ್ದೀಯಲ್ಲಮ್ಮ ಅಂದರು, ಅಷ್ಟೇ. ಶಾಲೆಯವರು ಮತ್ತೆ ಕರೆದರು. ಅತ್ತೆ ತಟ್ಟೆ ಲೋಟ ಒಳಗಿಟ್ಟರು. ಮದ್ದೂರಿಗೆ ನಾನೇ ಹೋದೆ. ನನ್ನನ್ನು ಕಂಡು ಮಗು ಓಡಿ ಬರಲಿಲ್ಲ, ಬಾಯಿಗೆ ಕೈ ಅಡ್ಡ ಹಿಡಿದು ದೂರ ನಿಂತಿತು. ಅದೊಂದಕ್ಕೆ ನಾನು ಯಾರನ್ನೂ ಕ್ಷಮಿಸಿಲ್ಲ.

ಹೋದ ತಿಂಗಳು ಮಗಳನ್ನು ಕರೆದುಕೊಂಡು ಬೆಟ್ಟಕ್ಕೆ ಹೋದೆ. ನನ್ನ ಪಕ್ಕದಲ್ಲಿ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸ ಅವಳಿಗೆ ಇನ್ನೂ ಹೋಗಿರಲಿಲ್ಲ. ಕೊಳವೆ ಹಾಳಾಗುವ ಮೊದಲೇ ಆ ನರ್ಸ್ ತಾಯಿಯನ್ನು ಯಾಕೆ ಕಳಿಸಲಿಲ್ಲವೆಂದು ಮಾದಪ್ಪನನ್ನು ಕೇಳಿದೆ. ಆದರೆ ಕಳಿಸಿದವನು ಅವನೇ. ಜಗಳಕ್ಕೆ ಹೊರಟವಳನ್ನೂ ಕೈಬಿಡದ ದೇವರು ಅವನೆಂದು ಈಗ ನನಗೆ ಕಂಡು ಗೊತ್ತಿದೆ. "ಉಘೇ ಮಾದಪ್ಪ" ಎಂದು ಕೂಗಿದೆ. ಕೆಮ್ಮು ಬರಲಿಲ್ಲ. ಮಗಳು ನನ್ನ ಮುಖ ನೋಡಿ, ಬಾಯಿಂದ ಕೈ ತೆಗೆದು, ತಾನೂ ಕೂಗಿದಳು.