ಗೋಡೆಯಾಚೆಯ ರೊಟ್ಟಿ

ರಾಯದುರ್ಗದಲ್ಲಿ ಮೊದಲ ದಿನ ಬೆಳಗ್ಗೆ ಎಚ್ಚರವಾದದ್ದು ಪಕ್ಕದ ಮನೆಯಲ್ಲಿ ಯಾರಿಗೋ ಹೊಡೆಯುವ ಸದ್ದಿಗೆ. ಪಟ್, ಪಟ್, ಸ್ವಲ್ಪ ಬಿಡುವು, ಮತ್ತೆ ಪಟ್. ಅಳು ಇರಲಿಲ್ಲ. ಹೊಡೆತ ತಿಂದೂ ಅಳದೆ ಇರುವುದು ನನಗೆ ಗೊತ್ತಿತ್ತು. ಎದ್ದು ಅವರ ಬಾಗಿಲ ಮುಂದೆ ನಿಂತೆ. ತಟ್ಟಲು ಕೈ ಮೇಲೇಳಲಿಲ್ಲ.

ತಾನಾಗಿಯೇ ಬಾಗಿಲು ತೆರೆದವಳು ಗಂಗಮ್ಮ. ಕೈತುಂಬ ಜೋಳದ ಹಿಟ್ಟು.

"ಯಾಕ್ರಿ, ಹಂಗ ನಿಂತೀರಿ? ರೊಟ್ಟಿ ತಟ್ಟಾಕತ್ತೀನ್ರಿ. ಬರ್ರಿ ಒಳಗ." ನಾನು ಅವಳ ಹಿಟ್ಟಿನ ಕೈಯನ್ನೇ ನೋಡುವುದು ಕಂಡು ನಕ್ಕಳು. "ನೀವು ಮಡಕಶಿರಾ ಕಡೆಯೋರಂತ, ಮುದ್ದಿ ನುಂಗೋರು. ಸಪ್ಪಳಿಲ್ಲದ ಊಟ ನಿಮ್ದು."

ಮಡಕಶಿರಾ ಪಕ್ಕದ ಅಗಳಿಯ ನನ್ನ ಮನೆಯಲ್ಲೂ ಸಪ್ಪಳವಿತ್ತು ಎಂದು ಹೇಳಲಿಲ್ಲ. ಗಂಡನನ್ನು ಬಿಟ್ಟು ಬಂದೆ ಎಂದಷ್ಟೇ ಹೇಳಿದೆ.

ಇಲ್ಲಿ ಓಣಿತುಂಬ ಜೀನ್ಸ್ ಹೊಲಿಗೆ. ನಾನೂ ಒಂದು ಮಿಷಿನ್ ಹಾಕಿಕೊಂಡೆ. ಆ ಗದ್ದಲ ನನಗೆ ಹಿತ. ತಿಂಗಳೊಳಗೆ ರೊಟ್ಟಿ ತಟ್ಟಲು ಕಲಿತೆ. ಕೈ ಎತ್ತಿದಾಗಲೆಲ್ಲ ಹೆಗಲು ಕುಗ್ಗುತ್ತಿತ್ತು, ಎತ್ತಿದ್ದು ನನ್ನದೇ ಕೈಯಾದರೂ.

ಗಂಡ ಯಾವಾಗ, ಯಾತರಿಂದ ಹೊಡೆದ ಎಂದು ಕೇಳಿದರೆ ನನ್ನ ಉತ್ತರ ದಿನಕ್ಕೊಂದು ಥರ. ಅವನು ಮನೆಗೆ ಬಂದು ಬೈಕಿಗೆ ಸ್ಟ್ಯಾಂಡ್ ಹಾಕುವ ಸದ್ದು ಮಾತ್ರ ಬದಲಾಗುವುದಿಲ್ಲ. ಅಗಳಿಯ ಪಕ್ಕದ ಮನೆ ಜಯಕ್ಕ ಮರುದಿನ ಹೇಳುತ್ತಿದ್ದದ್ದೂ ಬದಲಾಗುವುದಿಲ್ಲ: "ನಂಗೇನೂ ಕೇಳುಸ್ಲಿಲ್ಲ ಕಣೆ, ಟಿವಿ ಹಾಕಿದ್ದೆ." ಅವಳನ್ನು ನಾನು ಕ್ಷಮಿಸಿಲ್ಲ.

ಮೊನ್ನೆ ಮಧ್ಯಾಹ್ನ ಕರೆಂಟು ಹೋಯಿತು. ಓಣಿಯ ಮಿಷಿನ್‌ಗಳೆಲ್ಲ ಒಮ್ಮೆಗೇ ನಿಂತವು. ಗೋಡೆಯಾಚೆ ಪಟ್, ಪಟ್. ಗಂಗಮ್ಮನ ಗಂಡ ಮನೆಯಲ್ಲಿದ್ದ. ರೊಟ್ಟಿ ಎಂದುಕೊಂಡೆ. ಮಧ್ಯಾಹ್ನ ಅವಳು ರೊಟ್ಟಿ ಮಾಡುವುದಿಲ್ಲ. ಅದು ಆಗಲೇ ಹೊಳೆಯಿತೋ, ಈಗ ಸೇರಿಸುತ್ತಿದ್ದೇನೋ ತಿಳಿಯದು. ಅವರ ಬಾಗಿಲವರೆಗೆ ಹೋದೆ ಎಂದೂ ಇಲ್ಲಿ ಬರೆದಿದ್ದೆ, ಹೊಡೆದುಹಾಕಿದೆ. ಹೋಗಲಿಲ್ಲ. ಕರೆಂಟು ಬಂತು. ಮಿಷಿನ್ ತುಳಿದೆ.

ಮರುದಿನ ಬೆಳಗ್ಗೆ ಗಂಗಮ್ಮ ಎರಡು ರೊಟ್ಟಿ ತಂದಳು. ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡಿದ್ದಳು.

"ಬಿಸಿ ಅದಾವ್ರಿ, ತಗೊಳ್ರಿ." ಕೊಟ್ಟರೂ ಹೋಗಲಿಲ್ಲ. "ನಿನ್ನೆ ಏನರ ಕೇಳಿಸ್ತೇನ್ರಿ?"

ಇಲ್ಲಿಗೆ ಬಂದು ಇವರಂತೆಯೇ ಮಾತಾಡಲು ಕಲಿತಿದ್ದೆ. ಆದರೆ ಆಗ ಬಾಯಿಂದ ಬಂದದ್ದು ಅಗಳಿಯ ಮಾತು.

"ಇಲ್ಲ ಕಣಕ್ಕ, ಮಿಷಿನ್ ಹಾಕಿದ್ದೆ."

"ಹೌದ್ರಿ," ಅಂದಳು. "ಮಿಷಿನ್ ಇದ್ರ ಏನ್ ಕೇಳತೈತ್ರಿ."

ಜಯಕ್ಕ, ನಿನಗೇ ಹೇಳುತ್ತಿದ್ದೇನೆ, ಅಗಳಿಗೆ ನಾನು ಮರಳುವುದಿಲ್ಲ. ಈ ಊರಿನವಳಾದೆ ಎಂದೂ ಬರೆಯಲಾರೆ. ಇದನ್ನು ಬರೆಯಲೆಂದು ಮಿಷಿನ್ ನಿಲ್ಲಿಸಿದ್ದೇನೆ. ಗೋಡೆಯಾಚೆ ಏನೂ ಕೇಳಿಸುತ್ತಿಲ್ಲ.