ಗೋಡೆ ಹೇಳಿದ ಗುರುತು

ನೇರಳೆ ಹಣ್ಣು ತಿಂದು ಬೆರಳಿಗೆ ಬಣ್ಣ ಹತ್ತಿದಾಗಲೆಲ್ಲ ನನಗೆ ಮಮ್ತಾಜ್ ಮೇಡಂ ನೆನಪಾಗುತ್ತಾರೆ. ನವನಗರದ ಕಾಲೇಜಿನಲ್ಲಿ ನನಗೆ ಸಂಶೋಧನೆ ಕಲಿಸಿದವರು. ಅವರ ಬೆರಳ ತುದಿ ಸದಾ ಇದೇ ಬಣ್ಣ. ಮದುವೆಮನೆಯೊಂದರಲ್ಲಿ ಯಾರೋ, "ಇದ್ಯಾವ ಹೊಸಾ ನಮೂನಿ ಮೆಹೆಂದಿರಿ?" ಎಂದು ಕೇಳಿದ್ದರಂತೆ.

ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಯಾವುದು ಯಾವ ಕುಲದ್ದೆಂದು ವಿಂಗಡಿಸುವುದು ಆಗ ನನ್ನ ಕೆಲಸ. ಐಹೊಳೆಯ ಮಣ್ಣಿನಿಂದ ಕೇಸರಿ ಬಣ್ಣದ್ದೊಂದು ಎದ್ದಿತು. ಅಂಥದ್ದನ್ನು ನಾನು ಕಂಡಿರಲಿಲ್ಲ. ಹಾಗಾಗಿ ಜಗತ್ತೇ ಕಂಡಿಲ್ಲವೆಂದು ತೀರ್ಮಾನಿಸಿ ಓಣಿಗೆಲ್ಲ ಪೇಢೆ ಹಂಚಿಬಿಟ್ಟೆ.

"ಬಣ್ಣ ನೋಡಿ ಹೆಸರಿಡಬ್ಯಾಡವಾ. ಅದರ ಗ್ವಾಡಿ ಏನ್ ಹೇಳ್ತದ ಕೇಳೋಣು," ಎಂದರು ಮೇಡಂ.

ಗೋಡೆಯೆಂದರೆ ಜೀವಕೋಶದ ಗೋಡೆ. ಆಸಿಡ್‌ನಲ್ಲಿ ಕುದಿಸಿದರೆ ಅದು ಬಿಡಿಬಿಡಿಯಾಗುತ್ತದೆ. ಆ ರಸದ ಹನಿಯನ್ನು ಕಾಗದದ ಮೇಲಿಟ್ಟು, ಕಾಗದದ ಅಂಚನ್ನು ದ್ರಾವಣದಲ್ಲಿ ಅದ್ದಿ ನಿಲ್ಲಿಸಿದರೆ, ಒಂದೊಂದು ಅಂಶವೂ ತನ್ನ ತನ್ನ ವೇಗದಲ್ಲಿ ಹರಿದು ಹೋಗುತ್ತದೆ. ಆಮೇಲೆ ಔಷಧ ಸಿಂಪಡಿಸಿ ಬಿಸಿಮಾಡಿದರೆ ಕಲೆಗಳು ಮೂಡುತ್ತವೆ; ಮೇಡಂ ಬೆರಳಿಗೆ ನೇರಳೆ ಬಣ್ಣ ಹತ್ತುತ್ತಿದ್ದುದೂ ಆ ಔಷಧದಿಂದಲೇ. ಮಣ್ಣಿನಲ್ಲಿ ಎಲ್ಲೆಂದರಲ್ಲಿ ಸಿಗುವ ಕುಲವಾದರೆ ಅದರ ಗುರುತಿನ ಕಲೆ ಮುಂದಿರುತ್ತದೆ. ಅಷ್ಟಾಗಿ ಸಿಗದ ಕೆಲವು ಕುಲಗಳಲ್ಲಿ ತುಸು ಹಿಂದೆ ನಿಲ್ಲುತ್ತದೆ.

ನನ್ನ ಕೇಸರಿ ಸುಂದರಿಯ ಕಲೆ ಎಲ್ಲರಂತೆ ಮುಂದೆ ಹೋಗಿ ಕೂತಿತ್ತು. ನನಗೆ ಅಳು ಬಂತು. ಪೇಢೆ ನೆನೆದು ಇನ್ನಷ್ಟು ಬಂತು.

"ಅಳೂದು ಆಮ್ಯಾಲ. ಇದನ್ನ ನೋಡಿಲ್ಲಿ," ಎಂದು ಮೇಡಂ ಪಕ್ಕದ ಸಾಲಿನ ಕಲೆ ತೋರಿಸಿದರು. ಅದು ಹಿಂದೆಯೇ ನಿಂತಿತ್ತು.

ಅದು ಗುಡೂರಿನ ಮಣ್ಣಿನದು. ಬಸ್ಸು ಬಾರದೆ ಬೇಸರವಾಗಿ, ರಸ್ತೆ ಪಕ್ಕದ ಶೇಂಗಾ ಹೊಲದಿಂದ ತುಂಬಿಕೊಂಡಿದ್ದೆ. ಬೆಳೆದದ್ದು ಮಂಕು ಬಿಳಿ, ಚೆಲ್ಲಲೆಂದು ತೆಗೆದಿಟ್ಟಿದ್ದೆ. ಕಾಗದದಲ್ಲಿ ಜಾಗ ಉಳಿದಿದೆಯೆಂದು ಮೇಡಂ ಅದರದೂ ಒಂದು ಹನಿ ಇಟ್ಟಿದ್ದರು. ಮೂರು ಸಲ ಮತ್ತೆ ಮಾಡಿದೆವು. ಮೂರು ಸಲವೂ ಅದು ಹಠ ಬಿಡಲಿಲ್ಲ.

ಇನ್ನಷ್ಟು ಮಣ್ಣು ಬೇಕಾಗಿ ಗುಡೂರಿಗೆ ಹೋದೆ. ಅವರ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಸುದ್ದಿ ಹೇಳಿದಾಗ ಹೊಲದೊಡತಿ ನೀಲವ್ವ ಕೇಳಿದಳು: "ನಮ್ಮ ಬೆಳಿಗೆ ಅದು ಚಲೋದೋ, ಕೆಟ್ಟದ್ದೋ?"

"ಗೊತ್ತಿಲ್ಲಬೇ."

"ಗೊತ್ತಿಲ್ದ ಇಷ್ಟ್ ದೂರ ಬಂದಿ?" ಎಂದು ನಕ್ಕು, ಚೀಲದ ತುಂಬ ಮಣ್ಣು ತುಂಬಿ, ಮೇಲೆ ಎರಡು ಹಿಡಿ ಶೇಂಗಾನೂ ಹಾಕಿದಳು.

ಈಗ ನಾನೇ ಕಲಿಸುವವಳು. ಮೊನ್ನೆ ವಿದ್ಯಾರ್ಥಿನಿಯೊಬ್ಬಳು ಗಾಜಿನ ತಟ್ಟೆ ಹಿಡಿದು ಓಡಿ ಬಂದಳು. "ಮೇಡಂ, ಇದರ ಹೆಸರೇನ್ರಿ?"

"ಗೊತ್ತಿಲ್ಲವಾ," ಎಂದೆ. ಹಾಗೆನ್ನಲು ಒಂದಿಷ್ಟೂ ನಾಚಿಕೆಯಾಗಲಿಲ್ಲ. ಇಬ್ಬರೂ ಆಸಿಡ್ ಬಾಟಲಿ ಹುಡುಕಲು ಎದ್ದೆವು.