ಯುಕುಲೇಲಿಯೂ ಸಗಣಿ ಬಕೆಟ್ಟೂ

"ಅದು ನಿನ್ ಕೈಲಿ ಆಗಾಕಿಲ್ಲ ಕಣಮ್ಮಿ" ಅಂತ ಮೊದಲು ಅಂದವನು ನನ್ನ ಸೋದರಮಾವ. ನಾನು ಬಿ.ಎ. ಸೇರಿದಾಗಲೂ ಅವನು ಇದೇ ಮಾತು ಅಂದಿದ್ದ. ಎಸ್ಸೆಸ್ಸೆಲ್ಸಿ ದಾಟಿದವರೇ ಇಲ್ಲದ ಮನೆಗೆ ನಾನು ಡಿಗ್ರಿ ತಂದು ಗೋಡೆಗೆ ನೇತುಹಾಕಿದ ಮೇಲೆ ಬಾಯಿ ಮುಚ್ಚಿಕೊಂಡ. ನಾನು ಪಾಠ ಮಾಡುವ ಶಾಲೆಯ ಮಕ್ಕಳಿಗೆ ಪದ್ಯ ಹೇಳಿಕೊಡೋಣ ಅಂತ ನಾನು ಯುಕುಲೇಲಿ ತಂದ ದಿನ ಮತ್ತೆ ತೆರೆದ.

"ಇದೇನಮ್ಮಿ, ಗಿಟಾರು ಈದಿರೋ ಮರಿಯಾ?"

ಸಾದಾ ಬಾರಿಸೋದು ಬೇಗ ಬಂತು. ತೊಡಕು ಶುರುವಾದದ್ದು ಮೇಲಿನ ತರಗತಿಯಲ್ಲಿ. ಭಾನುವಾರ ಚಿನಕುರಳಿಯಲ್ಲಿ ಬಸ್ಸು ಹತ್ತಿ, ಪಾಂಡವಪುರದಲ್ಲಿ ಇನ್ನೊಂದು ಹಿಡಿದು ಶ್ರೀರಂಗಪಟ್ಟಣದ ಯುಕುಲೇಲಿ ಕ್ಲಾಸಿಗೆ ಹೋಗುತ್ತಿದ್ದೆ. ಅಲ್ಲಿ ಮೇಷ್ಟ್ರು ಎರಡು ಹೊಸ ವರಸೆ ತೋರಿಸಿದರು. ಒಂದು ಫ್ಯಾನ್ ಸ್ಟ್ರಮ್: ಮುಚ್ಚಿದ ಕೈ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತಾ, ಕಿರುಬೆರಳಿಂದ ಹೆಬ್ಬೆರಳವರೆಗೆ ಒಂದರ ಹಿಂದೊಂದು ತಂತಿ ಮೇಲೆ ಜಾರಬೇಕು. ಇನ್ನೊಂದು ಚಂಕ್: ತಂತಿ ಮೀಟಿದ ಕೈಯೇ ತಕ್ಷಣ ಅಂಗೈಯಿಂದ ಅದರ ಬಾಯಿ ಮುಚ್ಚಿಸಬೇಕು. 'ಟಪ್' ಅನ್ನಬೇಕು, ಅಷ್ಟೆ.

ನಾನೋ ಡಿಗ್ರಿ ಗೆದ್ದವಳು. ಗೊತ್ತಿದ್ದ ದಾರಿ ಒಂದೇ, ನೋಟ್ಸು. ಯಾವ ಬೆರಳು ಮೊದಲು, ಯಾವುದು ಆಮೇಲೆ, ಎಲ್ಲ ಬರೆದು, ಕೆಂಪು ಪೆನ್ನಲ್ಲಿ ಗೆರೆ ಎಳೆದು, ಬಸ್ಸಲ್ಲಿ ಕೂತು ಉರು ಹೊಡೆದೆ. ಪರೀಕ್ಷೆಯಲ್ಲಿ ಮೇಷ್ಟ್ರು "ನುಡಿಸಿ" ಅಂದರೆ ನಾನು ಎರಡು ಪುಟ ಗಡಗಡ ಒಪ್ಪಿಸಿಬಿಟ್ಟೆ. ಕೈ ಮಾತ್ರ ಬೋಂಡದಂತೆ ಮುದುರಿಕೊಂಡಿತ್ತು.

"ಬಾಯಲ್ಲಿ ಚೆನ್ನಾಗಿ ನುಡಿಸ್ತೀರಿ" ಅಂದರು ಮೇಷ್ಟ್ರು. "ಮುಂದಿನ ತಿಂಗಳು ಇನ್ನೊಂದು ಸಲ. ಆಗಲೂ ಬರ್ಲಿಲ್ಲ ಅಂದ್ರೆ ಮತ್ತೆ ಕೆಳಗಿನ ಬ್ಯಾಚಿಗೆ."

ಕೆಳಗಿನ ಬ್ಯಾಚಲ್ಲಿದ್ದವರು ಹಲ್ಲು ಬೀಳುವ ವಯಸ್ಸಿನವರು. ಅವರಲ್ಲಿ ಇಬ್ಬರು ನನ್ನದೇ ಶಾಲೆಯ ಮಕ್ಕಳು! ಮಾವನಿಗೆ ತಿಳಿದರೆ ಚಿನಕುರಳಿಯಿಂದ ಕಿಕ್ಕೇರಿವರೆಗೆ ಸಾರಿಕೊಂಡು ಬರುತ್ತಿದ್ದ.

ಒಂದು ಬೆಳಿಗ್ಗೆ ಜಗಲಿ ಮೇಲೆ ಕೂತು ಯುಕುಲೇಲಿ ಕೆರೆಯುತ್ತಿದ್ದೆ. ಅವ್ವ ಅಂಗಳಕ್ಕೆ ಸಗಣಿ ನೀರು ಹಾಕುತ್ತಿದ್ದವಳು ನಿಂತು ನೋಡಿದಳು.

"ಅದ್ಯಾಕಂಗೆ ಕಜ್ಜಿ ಕೆರ್ಕೊಳ್ಳೋ ಅಂಗೆ ಕೆರೀತಿದ್ದೀಯೆ? ಇಂಗೆ ಬುಡು ಕೈಯ!"

ಬಕೆಟ್ಟಿಗೆ ಕೈ ಅದ್ದಿ ಎರಚಿದಳು. ಮುಚ್ಚಿದ ಕೈ ಕಿರುಬೆರಳಿಂದ ಹಿಡಿದು ಒಂದೊಂದಾಗಿ ಬಿಚ್ಚಿಕೊಂಡಿತು, ನೀರು ಬೀಸಣಿಗೆಯಾಗಿ ಹರಡಿತು. ನನ್ನ ನೋಟ್ಸಿನ ಮೊದಲ ಪುಟ ಅದು. ಎರಡನೇ ಪುಟ ಗೋಡೆ ಮೇಲಿತ್ತು: ಬೆರಣಿ. ತಟ್ಟಿದ ಅಂಗೈ ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ. ಟಪ್.

ಕಾಲೇಜಲ್ಲಿ ಮೂರು ವರ್ಷ, ಸಗಣಿ ವಾಸನೆ ಗೊತ್ತಾದೀತೆಂದು ಯಾರ ಪಕ್ಕ ಕೂರುವ ಮುಂಚೆಯೂ ಎರಡು ಸಲ ಸೋಪು ಹಾಕಿ ಕೈ ತೊಳೆಯುತ್ತಿದ್ದವಳು ನಾನು. ಅವತ್ತು ನೋಟ್‌ಬುಕ್ಕು ಒಳಗಿಟ್ಟು, ಬಕೆಟ್ಟು ಎತ್ತಿಕೊಂಡೆ. ತಿಂಗಳು ಪೂರ್ತಿ ಮೊದಲು ಅಂಗಳ, ಆಮೇಲೆ ಗೋಡೆ, ಕೈ ತೊಳೆದು ಯುಕುಲೇಲಿ.

ಎರಡನೇ ಪರೀಕ್ಷೆಗೆ, ನಾನು ಬೀಳೋದನ್ನು ಕಣ್ಣಾರೆ ನೋಡಲೆಂದೇ, ಮಾವ ಜೊತೆಗೆ ಬಂದ. ನಾನು ಕಣ್ಣು ಮುಚ್ಚಿ ಮೇಷ್ಟ್ರ ಇಸ್ತ್ರಿ ಅಂಗಿಯನ್ನೇ ಅಂಗಳ ಅಂದುಕೊಂಡು ಎರಚಿದೆ. ತಟ್ಟಿದೆ. ಎರಚಿದೆ. ತಟ್ಟಿದೆ. ಕಣ್ಣು ಬಿಟ್ಟಾಗ ಮೇಷ್ಟ್ರ ಕಾಲು ತಾಳ ಹಾಕುತ್ತಿತ್ತು.

"ಯಾರ ಹತ್ರ ಕಲಿತ್ರಿ?"

ಸುಳ್ಳು ಹೇಳಬಹುದಿತ್ತು. "ನಮ್ಮವ್ವನ ಹತ್ರ ಸಾರ್. ಸಗಣಿ ನೀರು ಹಾಕ್ತಾ" ಅಂದೆ, ಕೆಳಗಿನ ಬ್ಯಾಚಿನವರಿಗೂ ಕೇಳುವಂತೆ.

ಮೇಷ್ಟ್ರು ಪ್ರಮಾಣಪತ್ರಕ್ಕೆ ಸಹಿ ಹಾಕಿ ನನ್ನ ಕೈಗಿತ್ತರು. ಮಾವ ಅದನ್ನು ಕಿತ್ತುಕೊಂಡು, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದ.

"ನಿನ್ ಹೆಸ್ರೈತೆ, ಮೇಷ್ಟ್ರ ಸೈನೂ ಐತೆ. ಸಗಣಿ ಕೊಟ್ಟ ನಮ್ ಹಸುವಿನ್ ಹೆಸ್ರು ಎಲ್ಲೈತಮ್ಮಿ?"